ಲೀಮಾ ನಗರದ ಪಾಯಸ

ಪೆರೂ ದೇಶದ ರಾಜಧಾನಿಯಾದ ಲೀಮಾ ನಗರದಲ್ಲಿ ಮಳೆಯೆಂಬುದು ಇಲ್ಲವೆಂದೇ ಹೇಳಬೇಕು. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಸಮುದ್ರದ ಕಡೆಯಿಂದ ಬೂದಿಬಣ್ಣದ ಮಂಜು ಬಂದು ಊರನ್ನು ಕವಿದುಕೊಳ್ಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ತುಂತುರಿನಿಂದ ಬೀದಿಗಳು ಒದ್ದೆಯಾಗುತ್ತವೆ. ಸೂರ್ಯನು ಎಷ್ಟೋ ದಿನ ಮುಖ ತೋರಿಸುವುದಿಲ್ಲ. ಅಂತಹ ಒಂದು ಸಂಜೆ, ಹಳೆಯ ಕೇರಿಯ ಒಂದು ಮನೆಯಲ್ಲಿ, ಎಪ್ಪತ್ತು ದಾಟಿದ ಅಜ್ಜಿಯೊಬ್ಬಳು ಒಲೆಯ ಮುಂದೆ ನಿಂತು ಪಾಯಸ ಮಾಡುತ್ತಿದ್ದಳು. ಮೊಮ್ಮಗಳು ಪಕ್ಕದ ಮೇಜಿನ ಮೇಲೆ ಒಂದು ದಪ್ಪ ಕಾಗದವನ್ನಿಟ್ಟುಕೊಂಡು ಕುಳಿತಿದ್ದಳು. ಮರುದಿನ ಶಾಲೆಯಲ್ಲಿ ಉತ್ಸವ. ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಯ ಒಂದು ತಿನಿಸನ್ನು ತಂದು, ಅದರ ಹೆಸರನ್ನೂ ಪೂರ್ವೋತ್ತರವನ್ನೂ ಬರೆದು ಮುಂದಿಡಬೇಕೆಂದು ಅಪ್ಪಣೆಯಾಗಿತ್ತು.

ಈ ಪಾಯಸಕ್ಕೆ ಅಲ್ಲಿಯವರು ‘ಅರ್ರೋಸ್ ಕೊನ್ ಲೆಚೆ’ ಎನ್ನುತ್ತಾರೆ. ಹಾಲಿನೊಡನೆ ಅಕ್ಕಿ ಎಂದಷ್ಟೇ ಅದರ ಅರ್ಥ. ಹೆಸರು ಎಷ್ಟು ಸರಳವೋ ಕೆಲಸವು ಅಷ್ಟು ಸರಳವಲ್ಲ. ಒಂದು ಬಟ್ಟಲು ಅಕ್ಕಿಗೆ ನಾಲ್ಕು ಬಟ್ಟಲು ನೀರು. ಆ ನೀರಿನಲ್ಲಿ ಎರಡು ಕಡ್ಡಿ ದಾಲಚಿನ್ನಿ, ನಾಲ್ಕು ಲವಂಗ, ಒಂದು ಕಿತ್ತಳೆಯ ಸಿಪ್ಪೆ. ಸಿಪ್ಪೆಯ ಒಳಗಿನ ಬಿಳಿಯ ಭಾಗವನ್ನು ಚೆನ್ನಾಗಿ ಹೆರೆದು ತೆಗೆಯಬೇಕು, ಇಲ್ಲವಾದರೆ ಕಹಿ ಬಿಡುತ್ತದೆ. ನೀರು ಕುದಿದು ಪರಿಮಳವೇಳುವ ಹೊತ್ತಿಗೆ ಅಕ್ಕಿಯನ್ನು ಹಾಕಿ, ನೀರು ಬಹುಪಾಲು ಇಂಗಿ ಕಾಳು ಅರಳುವವರೆಗೆ ಸಣ್ಣ ಉರಿಯಲ್ಲಿ ಬೇಯಿಸುವುದು. ಹಾಲು ಬರುವುದು ಅನಂತರ. ಅದಾದರೂ ಕರೆದ ಹಾಲಲ್ಲ. ಒಂದು ಡಬ್ಬಿ ಬತ್ತಿಸಿದ ಹಾಲು, ಒಂದು ಡಬ್ಬಿ ಸಕ್ಕರೆ ಬೆರೆಸಿ ಗಟ್ಟಿಮಾಡಿದ ಹಾಲು.

ಡಬ್ಬಿಯ ಹಾಲೆಂದರೆ ಮೂಗು ಮುರಿಯುವವರುಂಟು. ಆದರೆ ಲೀಮಾ ನಗರವು ನಿಂತಿರುವುದು ಮರುಭೂಮಿಯ ಅಂಚಿನಲ್ಲಿ. ಹುಲ್ಲುಗಾವಲುಗಳಿರುವುದು ದೂರದ ಅರೆಕ್ವಿಪಾ, ಕಹಾಮಾರ್ಕಾ ಮೊದಲಾದ ಬೆಟ್ಟದ ಸೀಮೆಗಳಲ್ಲಿ. ಅಲ್ಲಿಂದ ಹಸಿಹಾಲು ಕೆಡದೆ ಬರುವುದೆಂತು? 1941ರಲ್ಲಿ ಅರೆಕ್ವಿಪಾದಲ್ಲಿ ಗ್ಲೋರಿಯಾ ಎಂಬ ಹಾಲಿನ ಕಂಪೆನಿ ಸ್ಥಾಪಿತವಾದ ಮೇಲೆ ಬತ್ತಿಸಿದ ಹಾಲಿನ ಡಬ್ಬಿಯು ಅಲ್ಲಿಯ ಮನೆಗಳ ನಿತ್ಯದ ಹಾಲಾಯಿತು. ಈಗ ಹಸಿಹಾಲಿನಿಂದ ಪಾಯಸ ಮಾಡಿಕೊಟ್ಟರೆ ಅಲ್ಲಿಯವರು, ರುಚಿಯಲ್ಲಿ ಏನೋ ಕಡಮೆಯಾಯಿತೆಂದು ಹೇಳಿಯಾರು.

ಸಿಹಿಹಾಲನ್ನು ಅವಸರಪಟ್ಟು ಮೊದಲೇ ಸುರಿದರೆ ಅಕ್ಕಿಯ ಕಾಳು ಬಿಗಿದುಕೊಂಡು ಮತ್ತೆ ಬೇಯುವುದಿಲ್ಲ. ಹೊಸಬರು ಎಡವುವುದು ಇಲ್ಲಿಯೇ. ಹಾಲು ಸೇರಿದ ಮೇಲೆ ಮರದ ಸೌಟನ್ನು ಕೈಬಿಡುವಂತಿಲ್ಲ. ಬಾಗಿಲಿಗೆ ಯಾರೇ ಬರಲಿ, ಕಣ್ಣು ಪಾತ್ರೆಯ ಮೇಲೆಯೇ ಇರಬೇಕು. ತಳ ಹಿಡಿಯಿತೆಂದು ವಾಸನೆ ಬಂದರೆ ಕೆರೆಯದೆ ಮೇಲಿನದನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳುವುದು ಜಾಣತನ. ಕಡೆಯಲ್ಲಿ ಒಂದು ಹಿಡಿ ಒಣದ್ರಾಕ್ಷಿ. ಇನ್ನೂ ತೆಳ್ಳಗೆ ಹರಿಯುತ್ತಿರುವಾಗಲೇ ಇಳಿಸಬೇಕು, ಏಕೆಂದರೆ ಆರಿದಂತೆ ಅದು ತಾನಾಗಿಯೇ ಗಟ್ಟಿಯಾಗುತ್ತದೆ. ಒಲೆಯ ಮೇಲೆ ಸರಿಯಾಗಿ ಕಂಡ ಪಾಯಸವು ಬಟ್ಟಲಿನಲ್ಲಿ ಕಲ್ಲಾಗುವುದು.

“ಪೂರ್ವೋತ್ತರವೇನೆಂದು ಬರೆಯಲಿ ಅಜ್ಜಿ?” ಎಂದು ಹುಡುಗಿ ಕೇಳಿದಳು.

“ಇದು ಇಲ್ಲಿಯದೇ ಎಂದು ಬರೆ, ಮಗು” ಎಂದಳು ಅಜ್ಜಿ.

ವಿಚಾರ ಮಾಡಿದರೆ ಆ ಪಾತ್ರೆಯಲ್ಲಿದ್ದ ಒಂದು ವಸ್ತುವಾದರೂ ಅಲ್ಲಿ ಹುಟ್ಟಿದುದಲ್ಲ. 1535ರಲ್ಲಿ ಪಿಸಾರೊ ಲೀಮಾ ನಗರವನ್ನು ಸ್ಥಾಪಿಸಿದನು. ಸ್ಪೇನಿನವರು ಬರುವುದಕ್ಕೆ ಮುಂಚೆ ಆ ನಾಡಿನಲ್ಲಿ ಹಸುವಿರಲಿಲ್ಲ. ಇದ್ದ ಲಾಮಾ, ಅಲ್ಪಾಕಾಗಳನ್ನು ಯಾರೂ ಹಾಲಿಗಾಗಿ ಸಾಕುತ್ತಿರಲಿಲ್ಲ. ಅಕ್ಕಿಯನ್ನು ಅರಬರು ಸ್ಪೇನಿಗೆ ತಂದಿದ್ದರು. ‘ಅರ್ರೋಸ್’ ಎಂಬುದು ಅರಬ್ಬೀ ಮಾತು. ಸಕ್ಕರೆಯನ್ನು ಅವರು ‘ಅಸೂಕಾರ್’ ಎನ್ನುತ್ತಾರೆ. ಸಂಸ್ಕೃತದ ‘ಶರ್ಕರಾ’ ಶಬ್ದವೇ ಪಾರಸಿ, ಅರಬ್ಬೀಗಳನ್ನು ಹಾದು ಆ ರೂಪವನ್ನು ತಾಳಿತು. ದಾಲಚಿನ್ನಿ ಸಿಂಹಳದ್ದು, ಲವಂಗ ಮೊಲುಕ್ಕಾ ದ್ವೀಪಗಳದ್ದು. ಕಿತ್ತಳೆಯೂ ದ್ರಾಕ್ಷಿಯೂ ಹಡಗಿನಲ್ಲಿ ಬಂದುವು.

ಆ ಮನೆಯವರ ಹಿರಿಯರೂ ಹಡಗಿನಲ್ಲಿಯೇ ಬಂದವರು. ಅಜ್ಜಿಯ ಮುತ್ತಜ್ಜಿಯ ತಾಯಿಯು ಲೀಮಾ ನಗರಕ್ಕೆ ದಕ್ಷಿಣದಲ್ಲಿರುವ ಕನ್ಯೇತೆ ಕಣಿವೆಯ ಕಬ್ಬಿನ ತೋಟದಲ್ಲಿ ಗುಲಾಮಳಾಗಿದ್ದಳೆಂದು ಮನೆಯಲ್ಲಿ ಹೇಳಿಕೊಳ್ಳುತ್ತಿದ್ದರು. ಆಫ್ರಿಕದಿಂದ ತಂದ ಜನರನ್ನು ಆ ತೋಟಗಳಲ್ಲಿಯೂ ಪಟ್ಟಣದ ಅಡಿಗೆಮನೆಗಳಲ್ಲಿಯೂ ದುಡಿಸುತ್ತಿದ್ದರು. ರಾಮೋನ್ ಕಾಸ್ತಿಯಾ ಎಂಬವನು 1854ರಲ್ಲಿ ಗುಲಾಮಗಿರಿಯನ್ನು ರದ್ದುಮಾಡಿದನು. ಬಿಡುಗಡೆ ಹೊಂದಿದ ಹೆಂಗಸರಲ್ಲಿ ಎಷ್ಟೋ ಮಂದಿಗೆ ಬೀದಿಯಲ್ಲಿ ತಿನಿಸು ಮಾರುವುದೇ ಜೀವನವಾಯಿತು. ಹಳೆಯ ಲೀಮಾ ನಗರದಲ್ಲಿ ಮಾರುವವರ ಕೂಗನ್ನು ಕೇಳಿಯೇ ಜನರು ಗಂಟೆ ತಿಳಿಯುತ್ತಿದ್ದರೆಂದು ರಿಕಾರ್ಡೊ ಪಾಲ್ಮಾ (1833–1919) ಬರೆದಿದ್ದಾನೆ. ಅವನ ಪಟ್ಟಿಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಅಕ್ಕಿಯ ತಿನಿಸಿನವಳು ಬರುತ್ತಾಳೆ. ಅವಳ ಹೆಸರನ್ನು ಯಾರೂ ಬರೆದಿಡಲಿಲ್ಲ.

ಅಜ್ಜಿಯು ಪಾಯಸವನ್ನು ಇಳಿಸಿ, ಇನ್ನೊಂದು ಸಣ್ಣ ಪಾತ್ರೆಯನ್ನು ಒಲೆಗೇರಿಸಿದಳು. ಅದರಲ್ಲಿಯೂ ಅದೇ ಅಕ್ಕಿ, ಅದೇ ಮಸಾಲೆ. ಆದರೆ ಬಿಳಿಯ ಸಕ್ಕರೆಗೆ ಬದಲಾಗಿ ‘ಚಾಂಕಾಕಾ’, ಎಂದರೆ ಕಬ್ಬಿನ ಬೆಲ್ಲ. ಜೊತೆಗೆ ತೆಂಗಿನ ತುರಿ, ಅಕ್ರೋಟಿನ ಚೂರು. ಬೆಲ್ಲವು ಕರಗಿದಂತೆ ಪಾಯಸವು ಕಂದುಬಣ್ಣಕ್ಕೆ ತಿರುಗುತ್ತದೆ. ಬಿಳಿಯದು ಎಲ್ಲರ ಮನೆಯದು, ಇದು ನಮ್ಮದು, ಇದನ್ನು ತೆಗೆದುಕೊಂಡು ಹೋಗು ಎಂದಳು. ಈ ಪಾಯಸಕ್ಕೆ ‘ಅರ್ರೋಸ್ ಸಾಂಬಿತೊ’ ಎಂದು ಹೆಸರು.

ಹುಡುಗಿಯು ಲೇಖನಿಯನ್ನು ಕೆಳಗಿಟ್ಟಳು. ಆ ಹೆಸರನ್ನು ತಾನು ಬರೆಯುವುದಿಲ್ಲವೆಂದಳು.

ಅವಳ ಹಟಕ್ಕೆ ಕಾರಣವಿಲ್ಲದೆ ಇರಲಿಲ್ಲ. ಸ್ಪೇನಿನವರ ಆಳಿಕೆಯಲ್ಲಿ ಮನುಷ್ಯರನ್ನು ತಾಯಿತಂದೆಗಳ ಬಣ್ಣವನ್ನು ನೋಡಿ ಬಗೆಬಗೆಯಾಗಿ ವಿಂಗಡಿಸಿ ಹೆಸರಿಡುತ್ತಿದ್ದರು. ಆಫ್ರಿಕದವರಿಗೂ ನಾಡಿನ ಮೂಲನಿವಾಸಿಗಳಿಗೂ ಹುಟ್ಟಿದವನು ‘ಸಾಂಬೊ’. 1770ರಲ್ಲಿ ಪೆರೂವಿನ ವೈಸ್‌ರಾಯನಾಗಿದ್ದ ಅಮಾತ್ ಎಂಬವನು ಇಂತಹ ವಿಂಗಡಣೆಯನ್ನು ತೋರಿಸುವ 20 ಚಿತ್ರಗಳನ್ನು ಬರೆಯಿಸಿ, ಗಿಡಗಂಟಿಗಳ ಮಾದರಿಯನ್ನು ಕಳುಹಿಸುವಂತೆ ಸ್ಪೇನಿಗೆ ಕಳುಹಿಸಿದನು. ಕಂದುಬಣ್ಣದ ಪಾಯಸಕ್ಕೆ ಬಂದ ಹೆಸರಿಗೆ ಮೂಲವೂ ಆ ಮಾತೇ. ಶಾಲೆಯಲ್ಲಿ ಯಾರೋ ಒಬ್ಬರು ಅದೇ ಮಾತಿನಿಂದ ಅವಳನ್ನು ಕರೆದಿದ್ದರು. ಅದನ್ನು ಅವಳು ಮನೆಯಲ್ಲಿ ಹೇಳಿರಲಿಲ್ಲ.

“ನನ್ನ ಅಜ್ಜಿ ನನ್ನನ್ನು ಹಾಗೆಯೇ ಕರೆಯುತ್ತಿದ್ದಳು. ತೊಡೆಯ ಮೇಲೆ ಕೂರಿಸಿಕೊಂಡು ಕರೆಯುತ್ತಿದ್ದಳು” ಎಂದಳು ಅಜ್ಜಿ.

“ನಿನ್ನ ಅಜ್ಜಿ ಕರೆದರು. ಅವರು ಬೇರೆ ಕರೆಯುತ್ತಾರೆ.”

ಮುದುಕಿಯು ಉತ್ತರ ಕೊಡಲಿಲ್ಲ. ಸೌಟನ್ನು ತಿರುಗಿಸುತ್ತಲೇ ಇದ್ದಳು. ಅಡಿಗೆಯಲ್ಲಿ ಮುಕ್ಕಾಲು ಜನ್ಮ ಕಳೆದವಳಿಗೆ ಹೆಸರೆಂದರೆ ಕೈಯ ರುಚಿಯ ಗುರುತು. ಹುಡುಗಿಗೆ ಅದು ಬೆನ್ನಿನ ಮೇಲೆ ಒತ್ತಿದ ಮುದ್ರೆ. ಇಬ್ಬರಲ್ಲಿ ಒಬ್ಬರದು ತಪ್ಪೆಂದು ಹೇಳುವುದು ಸುಲಭವಲ್ಲ. ಈಗಿನವರಲ್ಲಿ ಆ ಹೆಸರನ್ನು ಪ್ರೀತಿಯಿಂದ ಉಳಿಸಿಕೊಂಡವರುಂಟು. ಪ್ರೀತಿಯಿದ್ದ ಮಾತ್ರಕ್ಕೆ ಇಟ್ಟವನ ಉದ್ದೇಶವು ಅಳಿಸಿಹೋಗುವುದೂ ಇಲ್ಲ.

ಹೊರಗೆ ಕತ್ತಲಾಗಿತ್ತು. ಮೂಲೆಯಲ್ಲಿ ತಳ್ಳುಗಾಡಿಯ ಹೆಂಗಸು ದೀಪ ಹಚ್ಚಿಕೊಂಡು ಬಿಸಿಪಾಯಸವನ್ನು ಮಾರುತ್ತಿದ್ದಳು. ಅವಳ ಇನ್ನೊಂದು ಪಾತ್ರೆಯಲ್ಲಿ ನೇರಳೆಬಣ್ಣದ ಮೆಕ್ಕೆಜೋಳವನ್ನು ಅನಾನಸಿನ ಸಿಪ್ಪೆಯೊಡನೆ ಕುದಿಸಿ, ಗೆಣಸಿನ ಹಿಟ್ಟಿನಿಂದ ಗಟ್ಟಿಮಾಡಿದ ‘ಮಾಸಾಮೋರ್ರಾ’ ಇತ್ತು. ಆ ಜೋಳವಾದರೂ ನಾಡಿನದೇ. ಗಿರಾಕಿಗಳು ಎರಡನ್ನೂ ಒಂದೇ ಬಟ್ಟಲಿನಲ್ಲಿ ಅರ್ಧಕ್ಕರ್ಧ ಹಾಕಿಸಿಕೊಳ್ಳುತ್ತಾರೆ. ಬಿಳಿಯದೂ ನೇರಳೆಯದೂ ಪಕ್ಕಪಕ್ಕದಲ್ಲಿ ನಿಂತು, ಚಮಚೆಯು ಬಂದ ಮೇಲೆ ಮಾತ್ರ ಕಲೆಯುತ್ತವೆ.

ಅಜ್ಜಿಯು ಕಂದುಪಾಯಸವನ್ನು ಇಳಿಸಿ, ಮುಚ್ಚಳವಿರುವ ದೊಡ್ಡ ಬಟ್ಟಲಿಗೆ ಬಗ್ಗಿಸಿದಳು. ತಳದಲ್ಲಿ ಅಂಟಿದ್ದುದನ್ನು ಕೆರೆದು ತಿನ್ನುವುದಕ್ಕೆ ಎರಡು ಚಮಚೆಗಳನ್ನು ತಂದಳು. ಹುಡುಗಿಯು ತಿನ್ನುತ್ತಾ ಕಾಗದವನ್ನು ಹತ್ತಿರ ಎಳೆದುಕೊಂಡು ಬರೆಯತೊಡಗಿದಳು: ಅಕ್ಕಿ, ಕಬ್ಬಿನ ಬೆಲ್ಲ, ತೆಂಗು, ಲವಂಗ, ಕನ್ಯೇತೆ ಕಣಿವೆ, ಅಜ್ಜಿಯ ಮುತ್ತಜ್ಜಿಯ ತಾಯಿ. ಮೇಲೆ, ಹೆಸರು ಬರೆಯಬೇಕಾಗಿದ್ದ ಸಾಲನ್ನು ಹಾಗೆಯೇ ಬಿಟ್ಟಿದ್ದಳು.

“ಬೆಳಿಗ್ಗೆ ಬರೆದರಾಯಿತು” ಎಂದು ಅಜ್ಜಿ ದೀಪವನ್ನು ಆರಿಸಿದಳು.