ಗೋಡೆ ಒಡೆಯುವ ಮೊದಲು ಆಧಾರ ಓದಿ

ಕುಂಬಳೆ ಕಡೆಯ ನಮ್ಮ ಬೈಲಿನಲ್ಲಿ ಅಣ್ಣತಮ್ಮಂದಿರಿಬ್ಬರು ಪಾಲಾದ ಮೇಲೆ ಗೋಡೆಗೆ ಗೋಡೆ ತಾಗಿಸಿ ಎರಡು ಮನೆ ಕಟ್ಟಿಸಿದ್ದರು. ತಮ್ಮ ಮಂಗಳೂರಲ್ಲೇ ನೆಲೆನಿಂತದ್ದರಿಂದ ಅವರ ಪಾಲೂ ಈಗ ಅಣ್ಣನಿಗೆ. ಎರಡನ್ನೂ ಸೇರಿಸಿ ಒಂದೇ ಮನೆ ಮಾಡುವ ಯೋಚನೆ. ಮೇಸ್ತ್ರಿ ತಯಾರಿದ್ದಾನೆ. ಆದರೆ ಕಾಗದದಲ್ಲಿ ಎರಡು ಮನೆ ಒಂದಾಗಬೇಕಾದರೆ ಸಬ್ ರಿಜಿಸ್ಟ್ರಾರ್ ಕಚೇರಿ, ವಿಲೇಜ್ ಆಫೀಸು, ಪಂಚಾಯತು ಹೀಗೆ ಹಲವು ಮೆಟ್ಟಿಲು ಹತ್ತಬೇಕು. ಎಲ್ಲ ಕಡೆ ಮಾತು ಮಲಯಾಳದಲ್ಲಿ.

“ಆಧಾರ ಮಲಯಾಳದಲ್ಲೇ ಆಗಬೇಕಲ್ಲವಾ ಮಾರಾಯ್ರೆ?” ಎಂದು ಅಣ್ಣ ಕೇಳಿದರು. ಆಗಬೇಕೆಂದಿಲ್ಲ. 1908ರ ನೋಂದಣಿ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಅಧಿಕಾರಿಗೆ ತಿಳಿಯದ ಮತ್ತು ಜಿಲ್ಲೆಯಲ್ಲಿ ಸಾಮಾನ್ಯ ಬಳಕೆಯಲ್ಲೂ ಇಲ್ಲದ ಭಾಷೆಯಲ್ಲಿ ಬರೆದ ದಸ್ತಾವೇಜಿಗೆ ಮಾತ್ರ ಭಾಷಾಂತರ ಜೊತೆಗಿಡಬೇಕು. ಕಾಸರಗೋಡಿನಲ್ಲಿ ಕನ್ನಡ ಬಳಕೆಯಲ್ಲಿಲ್ಲವೆಂದು ಯಾರು ಹೇಳಿಯಾರು? 1956ರ ನವೆಂಬರ್ 1ರವರೆಗೆ ನಾವು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯವರು. ಇವರ ತಂದೆಯ ಕಾಲದ ಪಾಲುಪಟ್ಟಿಯೂ ಕನ್ನಡದ್ದೇ: ಮೂಡಕ್ಕೆ ತೋಡು, ತೆಂಕಕ್ಕೆ ಕಂಗಿನ ತೋಟ ಎಂದು ಚೆಕ್ಕುಬಂದಿ ನಿಚ್ಚಳವಾಗಿದೆ. ಹೊಸ ಆಧಾರ ಯಾವ ಲಿಪಿಯಲ್ಲೇ ಆಗಲಿ, ಇದನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಓದಿಸಿಯೇ ಸಹಿ ಹಾಕಬೇಕು. ತಂದೆಯ ಹೆಸರಿನ ಒಂದಕ್ಷರ ಬದಲಾದರೂ ಆಮೇಲೆ ಎರಡು ಹೆಸರಿನವರೂ ಒಬ್ಬರೇ ಎಂಬ ಸರ್ಟಿಫಿಕೇಟಿಗೆ ಅಲೆಯಬೇಕಾಗುತ್ತದೆ.

ಕ್ರಯವಾದರೆ ಕೇರಳದಲ್ಲಿ ಮುದ್ರಾಂಕ ಶುಲ್ಕ ನೂರಕ್ಕೆ 8, ನೋಂದಣಿಗೆ ನೂರಕ್ಕೆ 2. ಒಡಹುಟ್ಟಿದವರ ನಡುವಿನ ದಾನಪತ್ರಕ್ಕೆ ಮುದ್ರಾಂಕದಲ್ಲಿ ರಿಯಾಯಿತಿ ಇದೆ. ನೋಂದಣಿಯಾದ ಮೇಲೆ ವಿಲೇಜ್ ಆಫೀಸಿನಲ್ಲಿ ಪೋಕುವರವು, ಅಂದರೆ ಖಾತೆ ಬದಲಾವಣೆ, ಆಗಬೇಕು. ಆಗಷ್ಟೇ ಭೂತೆರಿಗೆ ಅಣ್ಣನ ಹೆಸರಿಗೆ ಬರುತ್ತದೆ. ಮನೆಯ ತೆರಿಗೆ ಬೇರೆಯೇ, ಅದು ಪಂಚಾಯತಿನದು, ಕಟ್ಟಡದ ವಿಸ್ತೀರ್ಣದ ಮೇಲೆ. ಅಲ್ಲಿ ಎರಡು ಮನೆ ನಂಬ್ರಗಳಲ್ಲಿ ಒಂದನ್ನು ತೆಗೆಸದಿದ್ದರೆ ಇಲ್ಲದ ಮನೆಗೂ ಬಾಕಿ ಬೆಳೆಯುತ್ತದೆ.

ಎಲ್ಲರೂ ಮರೆಯುವುದು ತಾಲೂಕು ಕಚೇರಿಯನ್ನು. 1975ರ ಕೇರಳ ಕಟ್ಟಡ ತೆರಿಗೆ ಕಾಯ್ದೆಯಂತೆ, 1999ರ ಏಪ್ರಿಲ್ 1ರ ನಂತರ ಕಟ್ಟಿ ಮುಗಿಸಿದ ವಾಸದ ಮನೆ 278.7 ಚದರ ಮೀಟರ್, ಅಂದರೆ 3,000 ಚದರಡಿ ಮುಟ್ಟಿದರೆ ವರ್ಷ ವರ್ಷವೂ ಹೆಚ್ಚುವರಿ ತೆರಿಗೆ ಉಂಟು. 150 ಚದರ ಮೀಟರಿನ ಎರಡು ಮನೆಗೆ ಬೇರೆಬೇರೆಯಾಗಿ ಅದಿಲ್ಲ. ಒಂದೇ ಮನೆಯೆಂದು ಲೆಕ್ಕ ಹಿಡಿದರೆ 300. ಕರೆಂಟಿನದೂ ಹೀಗೆಯೇ: ತಿಂಗಳಿಗೆ 250 ಯೂನಿಟ್ ದಾಟಿದರೆ ಮೊದಲ ಯೂನಿಟಿನಿಂದಲೇ ಹೆಚ್ಚಿನ ದರ. ಸೇರಿಸಲೇಬಾರದು ಎನ್ನುತ್ತಿಲ್ಲ. ತಾಯಿ ಒಬ್ಬರೇ ಒಂದು ಮನೆಯಲ್ಲಿ, ಮಗನ ಸಂಸಾರ ಇನ್ನೊಂದರಲ್ಲಿ ಇರುವುದಕ್ಕಿಂತ ಈ ಖರ್ಚು ನನಗೆ ಮೇಲೆನಿಸುತ್ತದೆ. ಆದರೆ ಗೊತ್ತಿದ್ದು ಖರ್ಚು ಮಾಡಬೇಕು.

ಗೊತ್ತಾಗಬೇಕಾದರೆ ನಮ್ಮ ಭಾಷೆಯಲ್ಲೇ ಕೇಳಬೇಕು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆಗಳ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕು ಕೊಟ್ಟಿದೆ. ಉತ್ತರವೂ ಕನ್ನಡದಲ್ಲೇ ಬರಬೇಕು. ಅಂಗಡಿಯಲ್ಲಿ, ಬಸ್ಸಿನಲ್ಲಿ ನಾವು ಮಲಯಾಳ ಸಂತೋಷದಿಂದ ಆಡುತ್ತೇವೆ. ಮನೆಯ ಹಕ್ಕಿನ ವಿಷಯದಲ್ಲಿ ಅರ್ಧ ತಿಳಿದು ತಲೆಯಾಡಿಸುವುದು ಬೇಡ. ಅಣ್ಣನ ಅರ್ಜಿಯನ್ನು ಕನ್ನಡದಲ್ಲೇ ಬರೆದುಕೊಟ್ಟಿದ್ದೇನೆ, ಎರಡೂ ಮನೆ ನಂಬ್ರ ಹಾಕಿ, ಉತ್ತರ ಕನ್ನಡದಲ್ಲಿ ಬೇಕೆಂದು ಕೊನೆಯಲ್ಲಿ ನಮೂದಿಸಿ.