ಸೂಳೆಕೆರೆಯ ದಂಡೆಯಿಂದ ಗಂಧದ ಗುಡಿಗೆ

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿ ನಮ್ಮ ಊರು. 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದು, ಅನಂತರ ದಾವಣಗೆರೆ ಜಿಲ್ಲೆಗೆ ಸೇರಿದ ಸೀಮೆ ಇದು. ಹೆಸರಿನಲ್ಲಿಯೇ ಕೆರೆಯನ್ನು ಹೊತ್ತಿರುವ ನಮ್ಮೂರಿಗೆ ಸಮೀಪದ ಸೂಳೆಕೆರೆಯೇ ಸಮುದ್ರ. ಸರ್ಕಾರದ ಕಾಗದಗಳಲ್ಲಿ ಅದು ಶಾಂತಿಸಾಗರ. ಜನರ ಬಾಯಲ್ಲಿ ಮಾತ್ರ ಇಂದಿಗೂ ಸೂಳೆಕೆರೆ. ಏಷ್ಯಾ ಖಂಡದ ದೊಡ್ಡ ಕೆರೆಗಳಲ್ಲಿ ಎರಡನೆಯದೆಂದು ಅದು ಹೆಸರಾಗಿದೆ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡಲಾಗಿ ಕಟ್ಟಿದ ಆ ಏರಿಯನ್ನು ಮೊದಲ ಬಾರಿ ಕಂಡವರು, ಇಷ್ಟು ಚಿಕ್ಕ ಏರಿ ಅಷ್ಟು ನೀರನ್ನು ಹೇಗೆ ಹಿಡಿದು ನಿಲ್ಲಿಸಿತೆಂದು ಬೆರಗಾಗುತ್ತಾರೆ.

ಕೆರೆಯನ್ನು ಕಟ್ಟಿಸಿದವಳು ಶಾಂತವ್ವೆಯೆಂಬ ಅರಸುಮಗಳೆಂದು ಐತಿಹ್ಯ. ನೀರು ನಿಲ್ಲಬೇಕಾದ ನೆಲ ಸೂಳೆಯರಿಗೆ ಸೇರಿತ್ತಂತೆ. ಅವರು ನೆಲವನ್ನು ಬಿಟ್ಟುಕೊಟ್ಟು, ಕೆರೆಗೆ ತಮ್ಮ ಹೆಸರಿರಲಿ ಎಂದಷ್ಟೇ ಕೇಳಿಕೊಂಡರಂತೆ. ಕಟ್ಟಿಸಿದವಳ ಹೆಸರಿಗಿಂತ ಕೊಟ್ಟವರ ಹೆಸರೇ ನೀರಿನ ಮೇಲೆ ಉಳಿದ ಕಥೆ ಇದು. ಇಂಥ ಊರಿನಿಂದ ನಾವು ಕೆಲವರು ಒಂದು ಚಲನಚಿತ್ರದ ಪ್ರಥಮ ಪ್ರದರ್ಶನಕ್ಕೆ ಬೆಂಗಳೂರಿಗೆ ಹೋಗಿ ಬಂದ ವೃತ್ತಾಂತವನ್ನು ಓದುಗರ ಮುಂದಿಡುತ್ತಿದ್ದೇವೆ.

ಮೊದಲ ದಿನದ ಆಟ

ಪ್ರೀಮಿಯರ್ ಎಂಬ ಮಾತು ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲ. ಅದರ ಸಡಗರ ಗೊತ್ತಿತ್ತು. ಚಿಂದೋಡಿ ವೀರಪ್ಪನವರು ಕಟ್ಟಿದ ದಾವಣಗೆರೆಯ ಕೆ.ಬಿ.ಆರ್. ನಾಟಕ ಕಂಪನಿ ಹೊಸ ನಾಟಕವನ್ನು ಆಡುವುದೆಂದರೆ ಸುತ್ತಣ ಹಳ್ಳಿಗಳಿಂದ ಎತ್ತಿನ ಗಾಡಿಗಳು ಹೊರಡುತ್ತಿದ್ದವು. ಆ ಮನೆತನದ ಚಿಂದೋಡಿ ಲೀಲಾ ಅವರು ರಂಗದ ಮೇಲೆ ಬಂದರೆ ಜನ ಎದ್ದು ನಿಂತು ನೋಡುತ್ತಿದ್ದರೆಂದು ನಮ್ಮ ದೊಡ್ಡಮ್ಮ ಈಗಲೂ ಹೇಳುತ್ತಾರೆ. ಅದೇ ಮನೆತನದ ಚಿಂದೋಡಿ ಬಂಗಾರೇಶ್ ಅವರು ನಿರ್ದೇಶಿಸಿದ ಗಾನಯೋಗಿ ಪಂಚಾಕ್ಷರ ಗವಾಯಿಗಳ ಚಿತ್ರ 1995ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಸಂಗೀತಕ್ಕಾಗಿ ಹಂಸಲೇಖರಿಗೂ ಗಾಯನಕ್ಕಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಮನ್ನಣೆ ತಂದಾಗ ನಮ್ಮ ಕಡೆಯವರು ಹಿಗ್ಗಿದ್ದು ಸಹಜವೇ ಆಗಿತ್ತು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು 1934ರ ಮಾರ್ಚ್ 3ರಂದು, ಬೆಂಗಳೂರಿನ ಸಿಟಿ ಮಾರುಕಟ್ಟೆಯ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ. ತೆರೆಯ ಮೇಲಿನ ನೆರಳು ಕನ್ನಡದಲ್ಲಿ ಮಾತನಾಡಿದ್ದನ್ನು ಕೇಳಿದ ಆ ಮೊದಲ ಪ್ರೇಕ್ಷಕರಿಗೆ ಎಂತಹ ರೋಮಾಂಚನವಾಗಿದ್ದಿರಬೇಕು! ಹಳ್ಳಿಗಳಿಗೆ ಆ ಭಾಗ್ಯ ತಡವಾಗಿ ಬಂದಿತು. ಸುಗ್ಗಿಯ ನಂತರ ಬಯಲಿನಲ್ಲಿ ಡೇರೆ ಹಾಕುತ್ತಿದ್ದ ಟೂರಿಂಗ್ ಟಾಕೀಸಿನಲ್ಲಿ, ನೆಲದ ಮೇಲೆ ಕುಳಿತು ನಮ್ಮ ದೊಡ್ಡಮ್ಮ ‘ಬೇಡರ ಕಣ್ಣಪ್ಪ’ನನ್ನು ಕಂಡಿದ್ದರು. ಚಿತ್ರ ತೆರೆಗೆ ಬಂದದ್ದು 1954ರಲ್ಲಿ. ನಮ್ಮ ಕಡೆಗೆ ಅದರ ಡಬ್ಬಿ ತಲುಪಿದ್ದು ಎಷ್ಟೋ ವರ್ಷಗಳ ಮೇಲೆ. ಮೊದಲ ದಿನದ ಆಟವೆಂಬುದು ಪಟ್ಟಣದವರ ಸೊತ್ತು ಎಂದೇ ನಾವೆಲ್ಲ ನಂಬಿಕೊಂಡಿದ್ದೆವು.

ಹಬ್ಬದ ಮರುದಿನ

2022ರ ದೀಪಾವಳಿ ನಮ್ಮ ಮನೆಗಳಲ್ಲಿ ಎಂದಿನಂತಿರಲಿಲ್ಲ. ಅಮಾವಾಸ್ಯೆಯ ದಿನವೇ ಸೂರ್ಯಗ್ರಹಣ ಬಂದು ಎಲ್ಲವೂ ಹಿಂದುಮುಂದಾಗಿತ್ತು. ನಮ್ಮ ಸೀಮೆಯಲ್ಲಿ ದೀಪಾವಳಿಯೆಂದರೆ ಹಿರಿಯರ ಹಬ್ಬವೂ ಹೌದು. ಅಗಲಿದವರನ್ನು ನೆನೆದು ಹೊಸ ಬಟ್ಟೆಯಿಟ್ಟು, ಅವರು ಇಷ್ಟಪಡುತ್ತಿದ್ದ ಅಡುಗೆಯನ್ನು ಎಡೆ ಮಾಡುವುದು ವಾಡಿಕೆ. ಬಲಿಪಾಡ್ಯಮಿ ಅಕ್ಟೋಬರ್ 26ರಂದು ಮುಗಿಯಿತು. ಮರುದಿನ 27ರ ಸಂಜೆ ‘ಗಂಧದ ಗುಡಿ’ಯ ಪ್ರೀಮಿಯರ್, 28ಕ್ಕೆ ಬಿಡುಗಡೆ, 29ಕ್ಕೆ ಪುನೀತ್ ರಾಜ್‌ಕುಮಾರ್ ಅವರು ತೀರಿಕೊಂಡು ಒಂದು ವರ್ಷ.

ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನಮ್ಮ ಸೋದರಳಿಯ ಕೈಫೋನಿನಲ್ಲಿಯೇ ಏಳು ಟಿಕೆಟ್ಟುಗಳನ್ನು ಕಾದಿರಿಸಿ ಹಬ್ಬದ ಮೊದಲೇ ಸುದ್ದಿ ತಿಳಿಸಿದ್ದ. ಅಡಿಕೆ ಕೊಯ್ಲಿನ ಕಾಲ. ಅಂಗಳದಲ್ಲಿ ಗೊನೆಗಳು ಬಿದ್ದಿವೆ, ಸುಲಿಯುವವರು ಬೆಳಗ್ಗೆಯೇ ಬರುತ್ತಾರೆ. ಇಂಥ ಹೊತ್ತಿನಲ್ಲಿ ಸಿನಿಮಾಕ್ಕೆಂದು ಬೆಂಗಳೂರಿಗೆ ಹೋಗುವುದು ದೊಡ್ಡಮ್ಮನ ಮಗನಿಗೆ, ಅಂದರೆ ನಮಗೆ ಅಣ್ಣನಾಗಬೇಕಾದವರಿಗೆ, ಒಪ್ಪಿಗೆಯಾಗಲಿಲ್ಲ. ಆದರೆ ಎಪ್ಪತ್ತಾರು ವರ್ಷದ ದೊಡ್ಡಮ್ಮ ಹಟ ಹಿಡಿದರು.

“ಆ ಹುಡುಗ ಪ್ರಹ್ಲಾದ ಆಗಿದ್ದಾಗ ನೋಡೀನಿ. ಕೊನೇದನ್ನೂ ನೋಡಿ ಬರ್ತೀನಿ, ಕರ್ಕೊಂಡು ಹೋಗಪ್ಪ” ಎಂದರು.

1983ರ ‘ಭಕ್ತ ಪ್ರಹ್ಲಾದ’ದಲ್ಲಿ ತಂದೆ ಹಿರಣ್ಯಕಶಿಪು, ಮಗ ಪ್ರಹ್ಲಾದ. 1985ರ ‘ಬೆಟ್ಟದ ಹೂವು’ ಆ ಬಾಲಕನಿಗೆ ರಾಷ್ಟ್ರಪ್ರಶಸ್ತಿಯನ್ನೇ ತಂದಿತು. ನಮ್ಮ ಹಳ್ಳಿಯ ತಾಯಂದಿರಿಗೆ ಅವನು ನಟನಾಗುವ ಮೊದಲು ಮನೆಯ ಹುಡುಗನಾಗಿದ್ದ. ಅಣ್ಣನವರು ಮರುಮಾತಾಡದೆ ಹೊರಟರು.

ದಾರಿಯಲ್ಲಿ

ನಸುಕಿನ ಬಸ್ಸು ಹಿಡಿದು ದಾವಣಗೆರೆಗೆ ಬಂದು, ಅಲ್ಲಿಂದ ಬೆಂಗಳೂರಿನ ಬಸ್ಸು ಹತ್ತಿದೆವು. ಸುಮಾರು 260 ಕಿಲೋಮೀಟರ್‌ಗಳ ಹೆದ್ದಾರಿ. ಚಿತ್ರದುರ್ಗ ದಾಟುವಾಗ ದೊಡ್ಡಮ್ಮ, “ಈ ಊರಿನವರು ಕುಡಿಯೋದು ನಮ್ಮ ಕೆರೆ ನೀರು” ಎಂದು ಮಕ್ಕಳಿಗೆ ಹೆಮ್ಮೆಯಿಂದ ಹೇಳಿದರು. ಸೂಳೆಕೆರೆಯ ನೀರು ದುರ್ಗದವರೆಗೆ ಹೋಗುವುದು ನಿಜವೇ. ಹಿರಿಯೂರಿನ ಬಳಿ ಬಸ್ಸಿನಲ್ಲಿದ್ದವರೆಲ್ಲ ವಾಣಿವಿಲಾಸ ಸಾಗರದ ಮಾತನ್ನೇ ಆಡುತ್ತಿದ್ದರು. 89 ವರ್ಷಗಳ ಬಳಿಕ, ಆ ಸೆಪ್ಟೆಂಬರಿನಲ್ಲಿ, ಅದು ಕೋಡಿ ಬಿದ್ದಿತ್ತು. ನಮ್ಮ ಬಯಲುಸೀಮೆಯ ಹಾದಿಯುದ್ದಕ್ಕೂ ಕೆರೆಕಟ್ಟೆಗಳು ತುಂಬಿ ಹೊಳೆಯುತ್ತಿದ್ದುದನ್ನು ನೋಡುವುದೇ ಒಂದು ಸಂಭ್ರಮವಾಗಿತ್ತು.

ಮಧ್ಯಾಹ್ನ ಮೆಜೆಸ್ಟಿಕ್ಕಿನಲ್ಲಿ ಇಳಿದು, ರೊಟ್ಟಿಬುತ್ತಿ ಬಿಚ್ಚಿ ಉಂಡು, ಕೆಂಪೇಗೌಡ ರಸ್ತೆಯಲ್ಲಿ ಒಂದು ಸುತ್ತು ಬಂದೆವು. ಒಂದು ಕಾಲಕ್ಕೆ ಚಿತ್ರಮಂದಿರಗಳ ಬೀದಿಯೆಂದೇ ಖ್ಯಾತವಾದ ರಸ್ತೆ. ಅಲ್ಲಿ, ಸುಬೇದಾರ್ ಛತ್ರದ ಕಡೆಗಿದ್ದ ಕಪಾಲಿ ಇಂದಿಲ್ಲ. ಇನ್ನೂ ಕೆಲವು ಮುಚ್ಚಿಹೋಗಿವೆ. ಉಳಿದ ಕಡೆ ಆಳೆತ್ತರದ ಹೂಮಾಲೆಗಳು, ಬಣ್ಣದ ತೋರಣ, ಪುನೀತರ ಕಟೌಟು. ಅವರ ಮುಖದಲ್ಲಿ ಆ ಪರಿಚಿತ ನಗೆ. ಮಾಲೆಯನ್ನು ನೋಡಿದರೆ ಮದುವೆಯ ಮನೆ, ಸುತ್ತಣ ಮುಖಗಳನ್ನು ನೋಡಿದರೆ ಬೇರೊಂದು ಮನೆ.

ಅತಿಥಿಗಳಾದ ನಾವು

ನಮ್ಮ ಪ್ರದರ್ಶನವಿದ್ದುದು ದೊಡ್ಡ ಮಾಲೊಂದರ ಮೇಲಂತಸ್ತಿನಲ್ಲಿ. ಬಾಗಿಲಿನಲ್ಲಿ ಕೆಂಪು ಹಾಸು, ಎರಡೂ ಕಡೆ ಹಗ್ಗ, ಕಣ್ಣು ಕೋರೈಸುವ ದೀಪಗಳು, ಕ್ಯಾಮರಾ ಹಿಡಿದ ಹುಡುಗರು. ರೇಷ್ಮೆಯುಟ್ಟ ಹೆಂಗಸರು, ಸುಗಂಧ ಪೂಸಿಕೊಂಡ ಗಂಡಸರು ಒಬ್ಬೊಬ್ಬರಾಗಿ ಬರುತ್ತಿದ್ದರು. ದೂರದರ್ಶನದಲ್ಲಿ ಮಾತ್ರ ಕಂಡಿದ್ದ ಕೆಲವು ಮುಖಗಳು ನಮ್ಮ ಮಾರುದೂರದಲ್ಲಿ ಹಾದುಹೋದಾಗ ಮಕ್ಕಳು ನಮ್ಮ ತೋಳನ್ನು ಹಿಂಡಿಬಿಟ್ಟರು. ನಮಗೂ ಎದೆ ಹೊಡೆದುಕೊಳ್ಳುತ್ತಿದ್ದುದನ್ನು ಮುಚ್ಚಿಡುವುದೇಕೆ? ಅದೇ ಹಾಸಿನ ಮೇಲೆ ನಾವೂ ನಡೆದೆವು. ಚಪ್ಪಲಿಯ ಧೂಳು ಅದಕ್ಕೆ ಮೆತ್ತಿಕೊಂಡೀತೆಂದು ನಮ್ಮ ಮನೆಯವರು ಅಂಚಿನಲ್ಲಿಯೇ ನಡೆದರು. ಬಾಗಿಲ ಬಳಿಯಿದ್ದ ಹುಡುಗಿ ದೊಡ್ಡಮ್ಮನಿಗೆ ಕೈಜೋಡಿಸಿ, “ಬನ್ನಿ ಅಜ್ಜಿ” ಎಂದಳು. “ಆರಾಮಿದೀಯೇನವ್ವಾ?” ಎಂದು ದೊಡ್ಡಮ್ಮ ಅವಳ ಗಲ್ಲ ಸವರಿದರು. ಹಿಂದಿದ್ದ ಸಾಲು ಅಷ್ಟು ಹೊತ್ತು ನಿಂತಿತು, ಯಾರೂ ಗೊಣಗಲಿಲ್ಲ.

ಒಳಗೆ, ನಮ್ಮ ಮುಂದಿನ ಸಾಲಿನಲ್ಲಿ ಒಂದು ಆಸನವನ್ನು ಖಾಲಿ ಬಿಟ್ಟು ಅದರ ಮೇಲೆ ಅವರ ಭಾವಚಿತ್ರವನ್ನೂ ಹೂವನ್ನೂ ಇಟ್ಟಿದ್ದರು. ಅಭಿಮಾನಿಗಳು ಆ ವರ್ಷ ಹಲವೆಡೆ ಹೀಗೆ ಮಾಡಿದರು. ದೊಡ್ಡಮ್ಮ ಅದನ್ನು ದಿಟ್ಟಿಸಿ ನೋಡಿ, “ಹಿರಿಯರಿಗೆ ಎಡೆ ಇಟ್ಟಂಗೆ ಇಟ್ಟಾರೆ, ಆದ್ರೆ ಇವನು ಹಿರಿಯ ಅಲ್ಲಲ್ಲಪ್ಪಾ” ಎಂದರು. ಆಮೇಲೆ ಸಂಚಿ ಬಿಚ್ಚಿ, ನಮ್ಮ ತೋಟದ ಅಡಿಕೆ, ಎರಡು ಎಲೆ ತೆಗೆದು ಹೂವಿನ ಪಕ್ಕದಲ್ಲಿಟ್ಟು ಬಂದರು. ಕಾವಲಿನವನು ನೋಡಿಯೂ ನೋಡದಂತಿದ್ದ.

ತೆರೆಯ ಮೇಲೆ

ಅಮೋಘವರ್ಷ ಅವರು ನಿರ್ದೇಶಿಸಿ, ಅಶ್ವಿನಿ ಪುನೀತ್ ರಾಜ್‌ಕುಮಾರ್ ಅವರು ನಿರ್ಮಿಸಿದ ಈ ಚಿತ್ರದಲ್ಲಿ ಕಥೆಯಿಲ್ಲ, ಖಳನಾಯಕನಿಲ್ಲ, ಹೊಡೆದಾಟವಿಲ್ಲ. ಕರ್ನಾಟಕದ ಕಾಡು, ನದಿ, ಕಡಲುಗಳಲ್ಲಿ ಇಬ್ಬರು ಗೆಳೆಯರು ತಿರುಗಾಡುತ್ತಾರೆ, ಅಷ್ಟೆ. ಪುನೀತರು ಇಲ್ಲಿ ವೇಷ ತೊಟ್ಟವರಲ್ಲ. ಮಳೆಕಾಡಿನಲ್ಲಿ ನೆನೆಯುತ್ತಾರೆ, ಹಾವೆಂದರೆ ಅಂಜುತ್ತಾರೆ, ನೇತ್ರಾಣಿಯ ಬಳಿ ಕಡಲಿನಾಳಕ್ಕೆ ಇಳಿಯುತ್ತಾರೆ, ಮಗುವಿನಂತೆ ಅಚ್ಚರಿಪಡುತ್ತಾರೆ. 1973ರ ‘ಗಂಧದ ಗುಡಿ’ಯಲ್ಲಿ ತಂದೆ ಅರಣ್ಯಾಧಿಕಾರಿಯ ಪಾತ್ರದಲ್ಲಿ ಕಾಡನ್ನು ಕಾಯ್ದರು, ಸುಮಾರು ಅರ್ಧ ಶತಮಾನದ ನಂತರ ಅದೇ ಹೆಸರಿನ ಚಿತ್ರದಲ್ಲಿ ಮಗ ಪಾತ್ರವೇ ಇಲ್ಲದೆ ಕಾಡನ್ನು ಕಂಡರು.

ಮೊದಲಲ್ಲಿ ಶಿಳ್ಳೆ, ಚಪ್ಪಾಳೆ, ಜೈಕಾರ. ಕ್ರಮೇಣ ಸಭಾಂಗಣ ಮೌನವಾಯಿತು. ಅವರು ನಕ್ಕಾಗಲೆಲ್ಲ ಜನ ನಗುತ್ತಿದ್ದರು, ನಗುವಿನ ಕೊನೆಯಲ್ಲಿ ಯಾರೋ ಬಿಕ್ಕುತ್ತಿದ್ದರು. ಒಂದೂವರೆ ಗಂಟೆಗೆ ಸ್ವಲ್ಪ ಮಿಕ್ಕಿ ಚಿತ್ರ ಮುಗಿದಾಗ ಯಾರೂ ಏಳಲಿಲ್ಲ. ಹೊರಗೆ ರೇಷ್ಮೆಯಲ್ಲಿ ಮಿಂಚಿದ್ದವರೂ ನಾವೂ ಒಂದೇ ಬಗೆಯಾಗಿ ಸೆರಗಿನಿಂದ, ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದೆವು. ಕೇವಲ 46 ವರ್ಷ ಬದುಕಿದ ವ್ಯಕ್ತಿಯೊಬ್ಬ ಇಷ್ಟು ಜನರ ಮನೆಯವನಾದದ್ದು ಹೇಗೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಹೊರಬಾಗಿಲಿನಲ್ಲಿ

ಹೊರಬರುವ ದಾರಿಯಲ್ಲಿ ಕೆಲವು ಯುವಕರು ಮೇಜು ಹಾಕಿ ನೇತ್ರದಾನದ ಅರ್ಜಿಗಳನ್ನು ಹಂಚುತ್ತಿದ್ದರು. ಪುನೀತರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದುದು ನಾಡಿಗೆಲ್ಲ ತಿಳಿದ ಸಂಗತಿ. ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲವನ್ನು ಮುಂಪದರ, ಹಿಂಪದರವೆಂದು ಬೇರ್ಪಡಿಸಿ, ಒಂದು ಕಣ್ಣಿನಿಂದ ಇಬ್ಬರಿಗೆ ಉಪಯೋಗವಾಗುವಂತೆ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಕಸಿ ಮಾಡಿದ್ದರು. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣುಗಳೂ ಹೀಗೆಯೇ ದಾನವಾಗಿದ್ದವು.

ದೊಡ್ಡಮ್ಮ ಮೇಜಿನ ಮುಂದೆ ನಿಂತರು. “ನನ್ನ ಕಣ್ಣು ಮುದಿಯಾಗ್ಯಾವೆ, ಆಗ್ತಾವೇನಪ್ಪಾ?” ವಯಸ್ಸು ಅಡ್ಡಿಯಿಲ್ಲ, ಕನ್ನಡಕ ಹಾಕುವವರೂ ಪೊರೆ ತೆಗೆಸಿದವರೂ ಕೊಡಬಹುದು, ಉಸಿರು ನಿಂತ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕಾದ್ದರಿಂದ ನೇತ್ರಭಂಡಾರದವರಿಗೆ ತಡಮಾಡದೆ ತಿಳಿಸಬೇಕು, ಮುಖ ವಿಕಾರವಾಗುವುದಿಲ್ಲ ಎಂದು ಆ ಹುಡುಗ ತಾಳ್ಮೆಯಿಂದ ವಿವರಿಸಿದ. “ಆದರೆ ಅಜ್ಜಿ, ನೀವು ಬರೆದುಕೊಟ್ಟರೆ ಸಾಲದು. ಆ ಹೊತ್ತಿನಲ್ಲಿ ಮನೆಯವರು ಒಪ್ಪಬೇಕು” ಎಂದ.

ಅಣ್ಣನವರ ಮುಖ ಬಿಗಿಯಿತು. ನಮ್ಮಲ್ಲಿ ದೇಹವನ್ನು ಕುಳ್ಳಿರಿಸಿ, ಕೈಯಲ್ಲಿ ಲಿಂಗವಿರಿಸಿ ಮಣ್ಣು ಮಾಡುವುದು ಸಂಪ್ರದಾಯ. ದೇಹ ಊನವಾಗದೆ ಮಣ್ಣಿಗೆ ಸೇರಬೇಕೆಂದು ಅವರ ತಂದೆಯೂ ಹೇಳುತ್ತಿದ್ದರು. ತಾಯಿಯ ಸಾವಿನ ಮಾತನ್ನು ಹೀಗೆ ಬೆಳಕಿನ ನಡುವೆ, ಜನಜಾತ್ರೆಯಲ್ಲಿ ಆಡುವುದೂ ಅವರಿಂದಾಗಲಿಲ್ಲ. “ಊರಿಗೆ ಹೋಗಿ ನೋಡೋಣವ್ವಾ” ಎಂದಷ್ಟೇ ಅಂದು ಮುಂದೆ ನಡೆದರು. ದೊಡ್ಡಮ್ಮ ಅರ್ಜಿಯನ್ನು ಮಡಚಿ ಸಂಚಿಯೊಳಗಿಟ್ಟುಕೊಂಡರು.

ಊರಿಗೆ ಮರಳಿದ ಮೇಲೆ

ನವೆಂಬರ್ 1ರಂದು ವಿಧಾನಸೌಧದ ಮುಂದೆ ಪುನೀತರಿಗೆ ಮರಣೋತ್ತರ ಕರ್ನಾಟಕ ರತ್ನ ಪ್ರದಾನವಾದಾಗ ನಾವು ಊರಿನಲ್ಲಿದ್ದೆವು. ಅಡಿಕೆ ಸುಲಿಯುತ್ತಲೇ ಎಲ್ಲರೂ ದೂರದರ್ಶನ ನೋಡಿದೆವು. ಅಂದೇ ಅಣ್ಣನವರು ತಾಯಿಯನ್ನು ಕೇಳಿದರು: “ಲಿಂಗ ನೋಡೋ ಕಣ್ಣು, ಅದನ್ನ ಕೊಟ್ಟು ಹೋಗ್ತೀಯೇನವ್ವಾ?” ದೊಡ್ಡಮ್ಮ ಅಡಿಕೆಯ ಮೇಲಿಂದ ಕೈ ತೆಗೆಯದೆಯೇ, “ನಾನು ಹೋದ ಮೇಲೆ ನನಗ್ಯಾಕೋ ಅವು? ಯಾವುದೋ ಮಗು ಅವ್ವನ ಮುಖ ನೋಡ್ಲಿ. ಅದೂ ದಾಸೋಹನೇ” ಎಂದರು.

ಅಣ್ಣನವರು ಆ ದಿನ ಸಹಿ ಹಾಕಲಿಲ್ಲ. ಒಬ್ಬ ಮಗನಿಗೆ ಅದು ಸುಲಭದ ಮಾತಲ್ಲವೆಂದು ನಾವೂ ಒತ್ತಾಯಿಸಲಿಲ್ಲ. ಕಾರ್ತಿಕ ಮಾಸ ಕಳೆದ ಮೇಲೆ ಒಂದು ಸಂಜೆ ತಾವಾಗಿಯೇ ಅರ್ಜಿ ತರಿಸಿ, ಸಾಕ್ಷಿಯ ಜಾಗದಲ್ಲಿ ಹೆಸರು ಬರೆದರು. ಬರೆದು, ಎದ್ದು ತೋಟದ ಕಡೆಗೆ ಹೋಗಿಬಿಟ್ಟರು. ನಮ್ಮ ಮನೆಯವರೂ ನಾವೂ ಬೇರೆ ಅರ್ಜಿಗಳನ್ನು ತರಿಸಿ ತುಂಬಿದೆವು.

ಸಿನಿಮಾದ ವೈಭವವನ್ನು ನೋಡಿ ಬರಲೆಂದು ಹೊರಟವರು ನಾವು. ಆ ವೈಭವ ಸುಳ್ಳಲ್ಲ. ಮಕ್ಕಳು ಕೆಂಪು ಹಾಸಿನ ಮಾತನ್ನು ಇಂದಿಗೂ ಬಿಟ್ಟಿಲ್ಲ. ಆದರೆ ದೀಪಗಳು ಆರಿದ ಮೇಲೂ ಉಳಿಯುವುದು ಕೊಟ್ಟದ್ದು ಮಾತ್ರ. ನೆಲ ಕೊಟ್ಟವರ ಹೆಸರು ನಮ್ಮ ಕೆರೆಗೆ ಇಂದಿಗೂ ಇದೆ. ಕಣ್ಣು ಕೊಟ್ಟವರ ಹೆಸರು ಪಡೆದವರಿಗೆ ತಿಳಿಯದಿದ್ದರೂ ಅವರು ಕಾಣುವ ಬೆಳಕಿನಲ್ಲಿ ಅದಿರುತ್ತದೆ. ಓದುಗ ಬಂಧುಗಳ ಮನೆಯಲ್ಲಿಯೂ ಹಿರಿಯರು ಇಂಥ ಮಾತನ್ನು ಎತ್ತಿದರೆ ಅದನ್ನು ಅಪಶಕುನವೆಂದು ತಳ್ಳಿಹಾಕದೆ, ಒಂದು ಸಂಜೆ ಅವರ ಪಕ್ಕದಲ್ಲಿ ಕುಳಿತು ಕೇಳಲಿ.