ಸೀಟು ಆರಿಸುವ ಮುನ್ನ

ಬೆಂಗಳೂರಿನ ಲಗ್ಗೆರೆಯಲ್ಲಿ ಪೀಣ್ಯದ ಕಾರ್ಖಾನೆಗಳಿಗೆ ದುಡಿಯಲು ಹೋಗುವವರ ಮನೆಗಳು ಬಹಳ. ಇಎಸ್‌ಐ ವಿಮೆ ಇರುವ ಕಾರ್ಮಿಕರ ಮಕ್ಕಳಿಗೆ ರಾಜಾಜಿನಗರದ ಇಎಸ್‌ಐಸಿ ಮೆಡಿಕಲ್ ಕಾಲೇಜಿನಲ್ಲಿ ಪ್ರತ್ಯೇಕ ಕೋಟಾ ಇದೆ. ನೀಟ್ ಬರೆದ ಮಕ್ಕಳಿಗೆ ದಯವಿಟ್ಟು ತಿಳಿಸಿ.

ಎರಡು ಕಾಲೇಜುಗಳಲ್ಲಿ ಎಂಬಿಬಿಎಸ್ ಸೀಟು ಸಿಗುವಂತಿದ್ದರೆ, ಮುಂದೆ ಪಿಜಿಗೆ (ಸ್ನಾತಕೋತ್ತರ ಓದಿಗೆ) ಯಾವುದು ಒಳ್ಳೆಯದು ಎಂಬ ಚಿಂತೆ ಸಹಜ. ಪಿಜಿ ಸೀಟನ್ನು ಮುಖ್ಯವಾಗಿ ನಿರ್ಧರಿಸುವುದು ನೀಟ್ ಪಿಜಿ ರ‍್ಯಾಂಕ್. ವಾಸಸ್ಥಳದ ಆಧಾರದ ಪಿಜಿ ಮೀಸಲಾತಿ ಸಲ್ಲದೆಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಂಬಿಬಿಎಸ್ ಓದಿದ ಸಂಸ್ಥೆಯ ಆದ್ಯತೆಗೆ ಮಾತ್ರ ಮಿತವಾದ ಅವಕಾಶ ಉಳಿಸಿದೆ. ಮುಖ್ಯವಾದುದು ರ‍್ಯಾಂಕೇ ಆದ್ದರಿಂದ ಫೀಸು ಕಡಿಮೆ, ರೋಗಿಗಳು ಹೆಚ್ಚು ಇರುವ ಕಾಲೇಜನ್ನೇ ಮೊದಲ ಆಯ್ಕೆಯಾಗಿ ಹಾಕಿ. ಸಾಲದ ಹೊರೆಯಿಲ್ಲದೆ ಓದಿದವರು, ಇಷ್ಟದ ವಿಭಾಗಕ್ಕಾಗಿ ಬೇಕಾದರೆ ಇನ್ನೊಂದು ವರ್ಷ ಧೈರ್ಯವಾಗಿ ಓದಬಲ್ಲರು.